ಧರೆ ಕಡೆಯ ಗೋಡೆ ಕಟ್ಟಿಸುವ ಮೊದಲು ನೀರಿನ ದಾರಿ ಕೇಳಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡದ ಮಗ್ಗುಲಲ್ಲಿ ಮನೆ ಇರುವವರು, ಅದರಲ್ಲೂ ಧರೆ (ಗುಡ್ಡ ಕಡಿದ ಕಡೆ ನೆಟ್ಟಗೆ ನಿಂತ ಮಣ್ಣಿನ ದಿಬ್ಬ) ಕಡೆಯ ಗೋಡೆ ಉಬ್ಬಿದೆ ಅಂತ ರಿಪೇರಿಗೆ ಹೊರಟವರು, ದಯವಿಟ್ಟು ಇದನ್ನು ಓದಿ ಆಮೇಲೆ ಮುಂಗಡ ಕೊಡಿ. ನಮ್ಮ ಮನೆಯ ಒಂದೇ ಗೋಡೆಯನ್ನು ಪಾಯದಿಂದ ಎರಡು ಸಲ ಕಟ್ಟಿಸಬೇಕಾಯಿತು. ಮೊದಲು ಕಟ್ಟಿದ್ದು ಒಂದು ಮಳೆಗಾಲವನ್ನೂ ದಾಟಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲೂಕು. ಗುಡ್ಡ ಕಡಿದು ಮಟ್ಟ ಮಾಡಿ ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಧರೆಗೂ ಹಿಂದಿನ ಗೋಡೆಗೂ ನಡುವೆ ಒಬ್ಬ ಆಳು ಬುಟ್ಟಿ ಹೊತ್ತು ಹೋಗುವಷ್ಟು ಓಣಿ ಬಿಟ್ಟು, ಅದರಲ್ಲಿ ಅಗಳು ತೆಗೆಸಿದ್ದರು. ಗುಡ್ಡದ ನೀರು, ಸೂರಿನ ನೀರು ಎರಡೂ ಅದರಲ್ಲೇ ಹರಿದು ತೋಟದಾಚೆಯ ಹಳ್ಳ ಸೇರುತ್ತಿತ್ತು. ಮೇಲಿನ ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಕೆಳಗೆ ತಳ್ಳಿದ ಮಣ್ಣು ಆ ಓಣಿಯನ್ನು ಪೂರ್ತಿ ಮುಚ್ಚಿತು. ಮನೆಯ ಮಾಡು (ಚಾವಣಿ) ಹೊರಲಿಕ್ಕೆ ಅಂತ ಕಟ್ಟಿದ ಗೋಡೆ ಅಂದಿನಿಂದ ಗುಡ್ಡವನ್ನೂ ತಡೆದು ನಿಲ್ಲಬೇಕಾಯಿತು. ಕೆಲವು ಮಳೆಗಾಲ ತಡೆಯಿತು. ಆಮೇಲೆ ಒಳಗಿನ ಕೋಣೆಯಲ್ಲಿ ನೆಲದಿಂದ ಮೊಣಕಾಲೆತ್ತರದಲ್ಲಿ ಉದ್ದಕ್ಕೆ ಅಡ್ಡ ಬಿರುಕು ಬಿಟ್ಟಿತು, ಗೋಡೆ ಹೊಟ್ಟೆ ಬಿಟ್ಟಿತು.

ಈ ಬಿರುಕುಗಳ ವಿಷಯ ಗೊತ್ತಿರಲಿ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕು ಸಾಮಾನ್ಯವಾಗಿ ಪಾಯ ಒಂದು ಕಡೆ ಕೂತಿದ್ದರಿಂದ ಬರುತ್ತದೆ. ಗೋಡೆಯ ಉದ್ದಕ್ಕೂ ಅಡ್ಡಲಾಗಿ ಬಂದರೆ ಹಿಂದಿನಿಂದ ಏನೋ ತಳ್ಳುತ್ತಿದೆ ಅಂತ. ಎರಡಕ್ಕೂ ಮದ್ದು ಬೇರೆ ಬೇರೆ.

ಶಿವಮೊಗ್ಗದಿಂದ ಬಂದ ಕಾಂಟ್ರಾಕ್ಟರ್ ಈ ಬಿರುಕನ್ನು ಸರಿಯಾಗಿ ನೋಡಲೂ ಇಲ್ಲ. "ಗೌಡ್ರೇ, ಹಳೇ ಮಣ್ಣಿನ ಗೋಡೆ, ಅದಕ್ಕೇ ಹಿಂಗಾಗಿದೆ. ಪಾಯದಿಂದ ತೆಗೆದು ದಪ್ಪಕ್ಕೆ ಕಟ್ಟಿಕೊಡ್ತೀನಿ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅಂದರು ಅಪ್ಪನಿಗೆ. ಗುಡ್ಡದ ನೀರು ಎಲ್ಲಿ ಹೋಗುತ್ತೆ ಅಂತ ಒಂದು ಮಾತು ಕೇಳಲಿಲ್ಲ. ಅಮ್ಮನೇ ಹೇಳಿದರು, ಪುನರ್ವಸು ಮಳೆ ಹಿಡಿದರೆ ಆ ಕೋಣೆಯ ನೆಲದಲ್ಲಿ ಉಜರು (ಒಸರುವ ನೀರು) ಏಳುತ್ತೆ ಅಂತ. ಅದಕ್ಕೆ ವಾಟರ್‌ಪ್ರೂಫ್ ಪೌಡರ್ ಹಾಕ್ತೀವಿ ಅಂದರು.

ಶಿವಮೊಗ್ಗ ಪೇಟೆಯಲ್ಲಿ ಮಳೆ ಘಟ್ಟದ ಕಡೆಗಿಂತ ಎಷ್ಟೋ ಕಡಿಮೆ. ಅದೇ ಜಿಲ್ಲೆಯ ಆಗುಂಬೆಯಲ್ಲಿ ವಾಡಿಕೆ ಮಳೆಯೇ 7000 ಮಿಲಿಮೀಟರ್ ದಾಟುತ್ತದೆ. ಪೇಟೆಯ ಲೇಔಟಿನಲ್ಲಿ ನಡೆಯುವ ಲೆಕ್ಕ ಘಟ್ಟದ ಕಡೆ ನಡೆಯುವುದಿಲ್ಲ.

ಕೆಲಸ ಶುರುವಾಗಿದ್ದು ಏಪ್ರಿಲ್ ಕೊನೆಗೆ. ತೊಲೆಗಳಿಗೆ ಅಡಿಕೆ ಮರದ ತುಂಡುಗಳನ್ನು ಆಸರೆ ಕೊಟ್ಟು, ಇಡೀ ಗೋಡೆಯನ್ನು ಒಂದೇ ಸಲ ಜೆಸಿಬಿಯಿಂದ ಕೆಡವಿದರು. ಅವತ್ತೇ ಮಾಡು ಒಂದು ಕಡೆ ಜಗ್ಗಿತು. ಹೆಂಚು ಜಾರಿ ಬಿದ್ದವು, ಮಗ್ಗುಲ ಗೋಡೆಗಳು ಮೂಲೆಯಲ್ಲಿ ಬಾಯಿ ಬಿಟ್ಟವು. ಹೀಗೆ ತಳ ತೆಗೆಯುವಾಗ ಮೂರು ನಾಲ್ಕು ಅಡಿಯಷ್ಟು ಮಾತ್ರ ಬಿಚ್ಚಿ, ಪಕ್ಕದ ತುಂಡು ಹಾಗೇ ಬಿಟ್ಟು, ಬಿಚ್ಚಿದ್ದನ್ನು ಕಟ್ಟಿ ಗಟ್ಟಿಯಾದ ಮೇಲೆ ಬಿಟ್ಟಿದ್ದಕ್ಕೆ ಕೈ ಹಾಕಬೇಕು. ನಿಧಾನದ ಕೆಲಸ ನಿಜ. ಆದರೆ ಮೇಲೆ ಮಾಡು ಇರುವ ಮನೆಯಲ್ಲಿ ಬೇರೆ ದಾರಿಯಿಲ್ಲ.

ಆಮೇಲೆ ಬಂದಿದ್ದು ಕ್ವಾರಿಯಿಂದ ಆಗಷ್ಟೇ ಕಡಿದ ಹಸಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು). ಜಂಬಿಟ್ಟಿಗೆ ನೆಲದಿಂದ ಕಡಿದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಇದು ಮಲೆನಾಡಿನ ಪ್ರತಿ ಗಾರೆಯವನಿಗೂ ಗೊತ್ತು. ಹಳದಿ ಮಣ್ಣು ತುಂಬಿದ, ಉಗುರಲ್ಲಿ ಕೆರೆದರೆ ಉದುರುವ ಕಲ್ಲುಗಳನ್ನೇ ಪಾಯಕ್ಕೆ ಹಾಕಿದರು. ಪಾಯದ ಅಗಳನ್ನೂ ಶೇಡಿ ಮಣ್ಣು ಸಿಕ್ಕ ಕೂಡಲೇ ನಿಲ್ಲಿಸಿದರು. ಶೇಡಿ ಒಣಗಿದ್ದಾಗ ಗುದ್ದಲಿಗೂ ಬಗ್ಗುವುದಿಲ್ಲ, ನೀರು ಕುಡಿದರೆ ಕಾಲಡಿ ಕರಗುತ್ತದೆ. ಹೊರಮೈಗೆ ಮಾತ್ರ ಸಿಮೆಂಟು, ನಡುವೆ ಮಣ್ಣು ಅನ್ನುವುದು ಗೋಡೆ ಬಿದ್ದ ಮೇಲೆ ಕಂಡಿತು. ಗೋಡೆಯಲ್ಲಿ ನೀರು ಬಸಿಯಲು ಒಂದು ತೂತೂ ಇರಲಿಲ್ಲ. ಕೊನೆಗೆ ತೆಗೆದ ಮಣ್ಣನ್ನೇ ಹಿಂದಕ್ಕೆ ತುಂಬಿ, ಜೆಸಿಬಿ ಬಕೆಟಿನಲ್ಲಿ ಬಡಿದು, ಪೂರ್ತಿ ದುಡ್ಡು ತೆಗೆದುಕೊಂಡು ಹೋದರು.

ಆರಿದ್ರಾ ಮಳೆ ಹೇಗೋ ಕಳೆಯಿತು. ಪುನರ್ವಸುವಿನಲ್ಲಿ ಹೊಸ ಗಾರೆಯ ಮೇಲೆ ಅದೇ ಎತ್ತರದಲ್ಲಿ ಅದೇ ಅಡ್ಡ ಬಿರುಕು ಕಂಡಿತು. ಅಮ್ಮ ಅವತ್ತೇ ಎಲ್ಲರ ಹಾಸಿಗೆಯನ್ನೂ ಜಗಲಿಗೆ ತಂದರು. ಗೋಡೆ ಒಳಗೆ ಮಗುಚಿದಾಗ ಆ ಕೋಣೆಯಲ್ಲಿ ಯಾರೂ ಇರದಿದ್ದದ್ದು ಅದಕ್ಕೇ. ಕಾಂಟ್ರಾಕ್ಟರಿಗೆ ಫೋನ್ ಮಾಡಿದರೆ ಮೊದಮೊದಲು "ಈ ವರ್ಷ ಮಳೆ ಜಾಸ್ತಿ" ಅಂದರು, ಆಮೇಲೆ ಎತ್ತುವುದನ್ನೇ ಬಿಟ್ಟರು.

ಮಳೆ ಜಾಸ್ತಿ ಅನ್ನುವ ಮಾತು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಮಲೆನಾಡಿನಲ್ಲಿ ಮಳೆ ಬರುತ್ತದೆ ಅಂತ ಗೊತ್ತಿದ್ದೇ ಅಲ್ಲವೇ ಗೋಡೆ ಕಟ್ಟುವುದು? ಆಮೇಲೆ ಬಂದು ನೋಡಿದ ಸ್ಟ್ರಕ್ಚರಲ್ ಇಂಜಿನಿಯರ್ ಒಂದು ಲೆಕ್ಕ ಬರೆದು ತೋರಿಸಿದರು. ಆರಡಿ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಗೋಡೆಯ ಒಂದೊಂದು ಅಡಿ ಉದ್ದಕ್ಕೂ ಸುಮಾರು 500 ಕೆಜಿ ತಳ್ಳುತ್ತದೆ. 30 ಅಡಿ ಉದ್ದಕ್ಕೆ 15 ಟನ್. ಇದು ನೀರಿನದ್ದು ಮಾತ್ರ, ಮಣ್ಣು ತಳ್ಳುವುದು ಬೇರೆ. ಆ ನೀರನ್ನು ಬಸಿದು ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಭಾರ ಗೋಡೆಯ ಮೇಲಿಂದ ಇಳಿಯುತ್ತದೆ. ವಾಟರ್‌ಪ್ರೂಫ್ ಪೌಡರು ಒಳಗಿನ ತೇವ ಕಡಿಮೆ ಮಾಡಬಹುದು, ಹಿಂದೆ ನಿಂತ ನೀರಿನ ಒತ್ತಡವನ್ನು ಒಂದು ಕೆಜಿಯೂ ಇಳಿಸುವುದಿಲ್ಲ.

ದೀಪಾವಳಿ ಕಳೆದು ನೆಲ ಆರಿದ ಮೇಲೆ ಎರಡನೇ ಸಲ ಶುರು ಮಾಡಿದ್ದು. ಗೋಡೆಗೆ ಕೈ ಹಾಕುವ ಮೊದಲು ಧರೆಯ ತಲೆಯ ಮೇಲೆ ಅಡ್ಡ ಕಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಓಣಿಯ ಮಣ್ಣನ್ನು ತೆಗೆಯಲು ಸಾಧ್ಯವಾದ ಕಡೆ ಪೂರ್ತಿ ತೆಗೆದು ಅಜ್ಜನ ಅಗಳನ್ನೇ ಮತ್ತೆ ಬಿಡಿಸಿದರು. ತೊಲೆಗಳಿಗೆ ಕಬ್ಬಿಣದ ಜಾಕಿ ಕೊಟ್ಟು ತುಂಡು ತುಂಡಾಗಿ ಕೆಲಸ ಮಾಡಿದರು. ಪಾಯ ಶೇಡಿಯನ್ನು ದಾಟಿ ಗಟ್ಟಿ ತಳಕ್ಕೆ ಇಳಿಯಿತು. ಬಚ್ಚಲ ಕಡೆ ಮಣ್ಣು ತೆಗೆಯಲಾಗದ ಜಾಗದಲ್ಲಿ ಕಬ್ಬಿಣ ಕಟ್ಟಿ ಕಾಂಕ್ರೀಟ್ ತಡೆಗೋಡೆ, ಅದರ ಬೆನ್ನಿಗೆ ಜಲ್ಲಿ, ಜಲ್ಲಿಗೆ ಮಣ್ಣು ಕಟ್ಟಿಕೊಳ್ಳದಂತೆ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಆ ಪೈಪಿನ ಬಾಯಿ ತೋಟದ ಕಡೆ ಕಾಣುವ ಹಾಗೆ ಬಿಟ್ಟಿದ್ದಾರೆ. ಮಳೆಯಲ್ಲಿ ಅದರಿಂದ ನೀರು ಬರುತ್ತಿದೆಯೋ ಇಲ್ಲವೋ ಅಂತ ಅಪ್ಪ ದಿನಾ ನೋಡುತ್ತಾರೆ.

ಖರ್ಚು ಮೊದಲಿನದ್ದಕ್ಕಿಂತ ಹೆಚ್ಚೇ ಆಯಿತು, ಮಾಡು ರಿಪೇರಿಯದ್ದು ಬೇರೆ. ಹಾಗಾಗಿ ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಕೆಲಸ ಏನೇನು, ಪಾಯದ ಆಳ ಎಷ್ಟು, ನೀರಿನ ಪೈಪು ಎಲ್ಲಿಂದ ಎಲ್ಲಿಗೆ ಅಂತ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಪಾಯದ ತಳ ಮುಚ್ಚುವ ಮೊದಲು, ಹಿಂದೆ ಮಣ್ಣು ತುಂಬುವ ಮೊದಲು ಫೋಟೋ ತೆಗೆದಿಡಿ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದುಕೊಳ್ಳುತ್ತೇವೆ ಅನ್ನಿ; ಒಪ್ಪದಿದ್ದರೆ ಬೇರೆಯವರನ್ನು ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ರಸೀದಿ, ಬ್ಯಾಂಕಿನ ದಾಖಲೆ ಬೇಕು. ಕೈಯಲ್ಲಿ ಕೊಟ್ಟ ನೋಟಿಗೆ ಸಾಕ್ಷಿ ಇರುವುದಿಲ್ಲ.

ಈಗ ಮಳೆಗಾಲದ ನಡುವೆಯೇ ನಿಮ್ಮ ಧರೆ ಕಡೆಯ ಗೋಡೆಯಲ್ಲಿ ಅಡ್ಡ ಬಿರುಕು ಕಂಡಿದ್ದರೆ ರಿಪೇರಿಯವರನ್ನು ಹುಡುಕುವುದು ಆಮೇಲಿರಲಿ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿ ತಾರೀಕು ಬರೆಯಿರಿ. ಧರೆ ಮೇಲಿಂದ ಬರುವ ನೀರನ್ನು ಆದಷ್ಟು ದೂರದಿಂದಲೇ ಬೇರೆ ಕಡೆ ತಿರುಗಿಸಿ. ಮಳೆಯಲ್ಲಿ ಧರೆಯ ಬುಡ ಕಡಿಯಲು ಮಾತ್ರ ಹೋಗಬೇಡಿ, ಇಡೀ ಗುಡ್ಡವೇ ಜಾರಬಹುದು. ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ, ಕೊಟ್ಟಿಗೆ ಆ ಕಡೆಯಿದ್ದರೆ ದನಗಳನ್ನೂ ಇವತ್ತೇ ಬೇರೆ ಕಡೆ ಕಟ್ಟಿ.