ನಿನ್ನೆಯ ಬಿಸಿಲು, ಇವತ್ತಿನ ಸ್ನಾನ: ಸೋಲಾರ್ ವಾಟರ್ ಹೀಟರ್ ಜೊತೆ 13 ವರ್ಷ

ಬೆಳಿಗ್ಗೆ ಆರು ಗಂಟೆಗೆ ನಮ್ಮನೆ ಬಚ್ಚಲಲ್ಲಿ ಬರುವ ಬಿಸಿನೀರು ನಿನ್ನೆ ಮಧ್ಯಾಹ್ನದ ಬಿಸಿಲಿನದು. 13 ವರ್ಷ ಆದರೂ ಇದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಮೈಸೂರಿನಲ್ಲಿ ನಮ್ಮದು ಎರಡಂತಸ್ತಿನ ಮನೆ, ಐದು ಜನ. 2012ರಲ್ಲಿ ಮೊದಲು ಹಾಕಿಸಿದ್ದು ಗಾಜಿನ ಟ್ಯೂಬ್ ಇರುವ ಸೋಲಾರ್. 2022ರ ಜನವರಿಯಲ್ಲಿ ಅದನ್ನು ತೆಗೆಸಿ ಫ್ಲಾಟ್ ಪ್ಲೇಟ್, ಅಂದರೆ ಟ್ಯೂಬ್ ಬದಲು ಚಪ್ಪಟೆ ಫಲಕ ಇರುವುದನ್ನು ಹಾಕಿಸಿದೆವು. ಎರಡೂ 200 ಲೀಟರ್. ಎರಡರ ಜೊತೆಗೂ ಬಾಳಿ ನೋಡಿದ್ದೇನೆ, ಹೊಸದಾಗಿ ಹಾಕಿಸುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬರೆಯುತ್ತಿಲ್ಲ. ನನ್ನ ಅನುಭವದಲ್ಲಿ ಕಂಪನಿಗಿಂತ ಪ್ಲಂಬರ್ ಕೈಗುಣ ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮೀಟರ್ ವಿಷಯ. ಹಳೆಯದನ್ನು ತೆಗೆದು ಹೊಸದು ಕೂರಿಸುವ ನಡುವೆ ಒಂದೂವರೆ ತಿಂಗಳು ನಾವು ಗೀಸರ್ ಮೇಲೆ ಇದ್ದೆವು. ಅಲ್ಲಿಯವರೆಗೆ ತಿಂಗಳಿಗೆ 80, 85 ಯೂನಿಟ್ ಓಡುತ್ತಿದ್ದ ಮೀಟರ್ ಆ ತಿಂಗಳು 178 ತೋರಿಸಿತು. ಮನೆಯಲ್ಲಿ ಬೇರೆ ಏನೂ ಬದಲಾಗಿರಲಿಲ್ಲ. ಅದೇ ಫ್ರಿಜ್, ಅದೇ ಟಿವಿ, ಅದೇ ಮಿಕ್ಸಿ. ಅಂದರೆ ಮನೆಯಲ್ಲಿ ಉಳಿದದ್ದೆಲ್ಲ ಸೇರಿ ಎಷ್ಟು ಕರೆಂಟ್ ತಿನ್ನುತ್ತದೋ ಅಷ್ಟನ್ನೇ ಬರೀ ಸ್ನಾನದ ನೀರು ತಿನ್ನುತ್ತದೆ! ನಾನು ಅದುವರೆಗೆ ಲೈಟ್ ಆರಿಸಿ, ಫ್ಯಾನ್ ಆರಿಸಿ ಅಂತ ಮಕ್ಕಳ ಹಿಂದೆ ಬಿದ್ದಿದ್ದೆ. ನೀರು ಕಾಯಿಸುವುದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತೇ ಇರಲಿಲ್ಲ. ಲೆಕ್ಕ ಸುಲಭವಾಗಿದೆ ನೋಡಿ, ಒಂದು ಯೂನಿಟ್ ಕರೆಂಟು 100 ಲೀಟರ್ ನೀರನ್ನು ಬರೀ 8.6 ಡಿಗ್ರಿ ಬಿಸಿ ಮಾಡುತ್ತದೆ, ಅಷ್ಟೇ. ಐದು ಜನರ ಸ್ನಾನಕ್ಕೆ ಅದನ್ನು 20 ಡಿಗ್ರಿಗಿಂತ ಜಾಸ್ತಿ ಏರಿಸಬೇಕು.

ಇನ್ನು ಆ ಕರೆಂಟು ಎಲ್ಲಿಂದ ಬರುತ್ತದೆ ಅನ್ನುವುದು. ನಮ್ಮ ರಾಜ್ಯದಲ್ಲಿ ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇದೆ, 2050 ಮೆಗಾವ್ಯಾಟ್. ಹೆಮ್ಮೆಯ ವಿಷಯವೇ. ಆದರೆ ನಾವು ಸ್ನಾನ ಮಾಡುವುದು ಆರರಿಂದ ಎಂಟರ ಒಳಗೆ. ಆಗ ಪಾವಗಡದಲ್ಲೂ ಬಿಸಿಲು ಇನ್ನೂ ಬಲಿತಿರುವುದಿಲ್ಲ, ಅಲ್ವಾ? ಆ ಹೊತ್ತಿನ ಕರೆಂಟಿಗೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳೂ ಶರಾವತಿಯ ನೀರೂ ಬೇಕು. ಒಂದು ಗೀಸರ್ 2 ಕಿಲೋವ್ಯಾಟ್ ಅಂದರೆ 10 ಲಕ್ಷ ಮನೆಯಲ್ಲಿ ಒಂದೇ ಹೊತ್ತಿಗೆ ಸ್ವಿಚ್ ಹಾಕಿದರೆ 2000 ಮೆಗಾವ್ಯಾಟ್ ಬೇಕಾಗುತ್ತದೆ. ರಾಯಚೂರು ಸ್ಥಾವರದ ಎಂಟೂ ಘಟಕಗಳು ಪೂರ್ತಿ ಓಡಿದರೂ ಬರುವುದು 1720. 2023ರಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬದೆ ಹೋದಾಗ ಕರೆಂಟಿಗೆ ಎಷ್ಟು ಪರದಾಡಿದೆವು ಅಂತ ಎಲ್ಲರಿಗೂ ನೆನಪಿದೆ. ತಾರಸಿ ಮೇಲಿನ ಈ ಟ್ಯಾಂಕ್ ಮಾಡುವ ದೊಡ್ಡ ಕೆಲಸ ಇದು: ಮಧ್ಯಾಹ್ನ ಸುಮ್ನೆ ಬೀಳುವ ಬಿಸಿಲನ್ನು ಹಿಡಿದು, ರಾತ್ರಿಯೆಲ್ಲ ಕಾದಿಟ್ಟು, ಬಿಸಿಲು ಬಲಿಯದ ಆ ಎರಡು ಗಂಟೆಗೆ ಕೊಡುತ್ತದೆ. ಬ್ಯಾಟರಿ ಬೇಡ, ಪಂಪು ಬೇಡ. ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗೆ ಇಳಿಯುತ್ತದೆ, ದಿನವಿಡೀ ಹಾಗೇ ಸುತ್ತುತ್ತದೆ.

ಹವಾಮಾನ ಕೆಡುತ್ತಿದೆ, ನಮ್ಮಂಥವರ ಕೈಯಲ್ಲಿ ಏನಾಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ನನ್ನ ಉತ್ತರ ಇದೇ ಟ್ಯಾಂಕ್. ನಮ್ಮ ದೇಶದ ಕರೆಂಟಿನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮಗೆ ತಿಂಗಳಿಗೆ 90 ಯೂನಿಟ್ ಉಳಿಯಿತು ಅಂದುಕೊಳ್ಳಿ. ಮೋಡದ ದಿನಗಳನ್ನು ಬಿಟ್ಟು ವರ್ಷಕ್ಕೆ ಹತ್ತು ತಿಂಗಳು ಹಿಡಿದರೆ 900 ಯೂನಿಟ್, ಅಂದರೆ 600 ಕೆಜಿಗಿಂತ ಜಾಸ್ತಿ. ಒಂದು ಮನೆ, ಒಂದು ಬಚ್ಚಲು. ಒಮ್ಮೆ ಹಾಕಿಸಿದರೆ ಆಮೇಲೆ ದಿನಾ ನೆನಪಿಟ್ಟುಕೊಂಡು ಏನೂ ಮಾಡಬೇಕಿಲ್ಲ. ಅದು ನನಗೆ ತುಂಬ ಹಿಡಿಸಿದ್ದು.

ಈಗ ಟ್ಯೂಬೋ ಫ್ಲಾಟ್ ಪ್ಲೇಟೋ ಅನ್ನುವ ಪ್ರಶ್ನೆ. ಟ್ಯೂಬ್‌ನಲ್ಲಿ ಎರಡು ಪದರ ಗಾಜು ಇರುತ್ತದೆ, ನಡುವೆ ಗಾಳಿ ಇರುವುದಿಲ್ಲ, ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. ಬೆಲೆ ಕಮ್ಮಿ. ಚಳಿಗಾಳಿಗೂ ಮೋಡಕ್ಕೂ ಸ್ವಲ್ಪ ಚೆನ್ನಾಗಿ ತಡೆದುಕೊಳ್ಳುತ್ತದೆ. ಟ್ಯೂಬ್ ಸರಿ ಇದೆಯಾ ಅಂತ ನೋಡಲು ಅದರ ಕೆಳತುದಿ ನೋಡಿ, ಬೆಳ್ಳಿ ಹಾಗೆ ಹೊಳೆಯುತ್ತಿರಬೇಕು. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬ್ ಇನ್ನು ಕಾಯಿಸುವುದಿಲ್ಲ ಅಂತ ಅರ್ಥ. ನಮ್ಮದರಲ್ಲಿ ಎಂಟನೇ ವರ್ಷಕ್ಕೆ ಮೂರು ಟ್ಯೂಬ್ ಹೀಗೆ ಬೆಳ್ಳಗಾಗಿದ್ದವು. ನೀರು ಯಾಕೆ ಉಗುರುಬೆಚ್ಚಗೆ ಬರುತ್ತಿದೆ ಅಂತ ನಾವು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆವು.

ಟ್ಯೂಬ್‌ನ ದೊಡ್ಡ ತೊಂದರೆ ಅಂದರೆ ಒಂದು ಒಡೆದರೂ ಟ್ಯಾಂಕ್ ಪೂರ್ತಿ ಖಾಲಿ. ಪಕ್ಕದ ಮನೆಯ ತೆಂಗಿನ ಗರಿ ಬಿದ್ದು ಒಮ್ಮೆ ಹಾಗಾಯಿತು. ನಡುರಾತ್ರಿ ಧಡ್ ಅಂತ ಸದ್ದು, ಹೋಗಿ ನೋಡಿದರೆ ತಾರಸಿಯಲ್ಲಿ ಬಿಸಿನೀರು ಹರಿದು ಹಬೆ ಏಳುತ್ತಿತ್ತು. ಇನ್ನೊಂದು ಮಾತು. ನೀರಿಲ್ಲದೆ ಖಾಲಿ ಟ್ಯೂಬ್ ಬಿಸಿಲಿಗೆ ಕಾದಿರುವಾಗ ಮಧ್ಯಾಹ್ನ ಏಕ್‌ದಂ ತಣ್ಣೀರು ಬಿಡಬೇಡಿ. ಗಾಜು ಬಿರಿಯುತ್ತದೆ. ನಲ್ಲಿ ನೀರು ಎರಡು ದಿನ ಬರದೆ ಹೋದರೆ ಟ್ಯೂಬ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ, ಸಂಜೆ ತಣ್ಣಗಾದ ಮೇಲೆ ನೀರು ತುಂಬಿಸಿ.

ಫ್ಲಾಟ್ ಪ್ಲೇಟ್ ಅಂದರೆ ದಪ್ಪ ಗಾಜಿನ ಕೆಳಗೆ ಕಪ್ಪು ಹಾಳೆ, ಅದಕ್ಕೆ ಅಂಟಿದ ತಾಮ್ರದ ಸಣ್ಣ ಪೈಪುಗಳು. ಗಟ್ಟಿಮುಟ್ಟು. ನಾಲ್ಕನೇ ವರ್ಷ ನಡೆಯುತ್ತಿದೆ, ಇದುವರೆಗೆ ಒಂದು ರಿಪೇರಿ ಇಲ್ಲ. ಆದರೆ ನಿಮ್ಮ ಮನೆ ನೀರು ಎಂಥದ್ದು ಅಂತ ನೋಡಿಕೊಂಡೇ ತಗೊಳ್ಳಿ. ನಮಗೆ ಕಾವೇರಿ ನೀರು ಬರುತ್ತದೆ, ಸಿಹಿ ನೀರು, ತೊಂದರೆ ಇಲ್ಲ. ಬೋರ್ ನೀರು ಆದರೆ ಆ ಸಣ್ಣ ಪೈಪುಗಳ ಒಳಗೆ ಉಪ್ಪು ಕಟ್ಟುತ್ತದೆ, ನೀರು ಸುತ್ತುವುದು ನಿಲ್ಲುತ್ತದೆ. ಕುಕ್ಕರ್ ಒಳಗೆ ಬಿಳಿ ಕಲೆ ಕಟ್ಟುವ ಮನೆಗಳಿಗೆ ಟ್ಯೂಬೇ ಒಳ್ಳೆಯದು, ಬಿಚ್ಚಿ ತೊಳೆಯಬಹುದು. ಈ ಒಂದು ಪ್ರಶ್ನೆ ನನ್ನನ್ನು ಯಾವ ಅಂಗಡಿಯವರೂ ಕೇಳಲಿಲ್ಲ. ನೀವೇ ಕೇಳಬೇಕು.

ಪ್ಲಂಬರ್ ವಿಷಯಕ್ಕೆ ಬರುತ್ತೇನೆ. ಹೊಸದು ಹಾಕಿದ ಮೊದಲ ಹದಿನೈದು ದಿನ ನೀರು ಸಾಕಾಗುತ್ತಲೇ ಇರಲಿಲ್ಲ. ಮೂರನೆಯವರ ಸ್ನಾನಕ್ಕೇ ತಣ್ಣಗೆ. ಇಷ್ಟು ದುಡ್ಡು ಸುರಿದು ಮೋಸ ಹೋದೆವಾ ಅಂತ ಬೇಜಾರಾಗಿತ್ತು. ಒಂದು ದಿನ ಬಟ್ಟೆ ಒಣಗಿಸಲು ಹೋದ ನನ್ನ ಹೆಂಡತಿ ನೋಡಿದಳು, ಸೋಲಾರ್ ಸ್ಟ್ಯಾಂಡ್ ಹತ್ತಿರ ತಾರಸಿಯಲ್ಲಿ ಒಂದು ಮೊರದಗಲ ಹಸಿರು ಪಾಚಿ. ಬಿಸಿಲು ಬೀಳುವ ಜಾಗದಲ್ಲಿ ಪಾಚಿ ಹೇಗೆ ಬಂತು? ಮೇಲೆ ನೋಡಿದರೆ ಏರ್ ವೆಂಟ್, ಅಂದರೆ ಬಿಸಿನೀರಿನ ಟ್ಯಾಂಕಿನ ಗಾಳಿ ಹೊರಹೋಗುವ ಪೈಪಿನ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಪೈಪಿನ ತುದಿ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ನಮ್ಮದು ಒಂದು ಗೇಣು ಕೆಳಗಿತ್ತು. ದಿನಾ ಸಂಜೆ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿದ ಕೂಡಲೇ ಕಾದ ನೀರೆಲ್ಲ ಅಲ್ಲಿಂದ ಹೊರಗೆ. ಎರಡು ಅಡಿ ಪೈಪ್ ಜೋಡಿಸಿದ ಮೇಲೆ ಸರಿಹೋಯಿತು. ಎರಡು ಅಡಿ ಪೈಪಿಗೆ ಎಷ್ಟಾಗುತ್ತದೆ ಹೇಳಿ! ಅದಿಲ್ಲದೆ ಹದಿನೈದು ದಿನ ಐದು ಜನ ಒದ್ದಾಡಿದೆವು. ಹಾಗಾಗಿ ಕೂರಿಸುವ ದಿನ ನೀವೂ ತಾರಸಿಯಲ್ಲೇ ಇರಿ. ಪ್ಲೇಟ್ ದಕ್ಷಿಣಕ್ಕೆ ಮುಖ ಮಾಡಿದೆಯಾ, ಮರದ ನೆರಳೋ ಪಕ್ಕದ ಮನೆ ಗೋಡೆಯ ನೆರಳೋ ಬೀಳುತ್ತಾ, ಬಿಸಿನೀರಿನ ಪೈಪ್ ಎಲ್ಲೂ ಮೇಲೆ ಕೆಳಗೆ ಡೊಂಕಾಗಿಲ್ಲವಾ ಅಂತ ನೋಡಿ. ಡೊಂಕು ಇದ್ದ ಕಡೆ ಗಾಳಿ ಸಿಕ್ಕಿಕೊಂಡು ನೀರೇ ಬರುವುದಿಲ್ಲ.

ದಿನದ ಬಳಕೆಯಲ್ಲಿ ಒಂದೇ ಕಿರಿಕಿರಿ. ನಲ್ಲಿ ತಿರುಗಿಸಿದಾಗ ಮೊದಲು ಪೈಪಲ್ಲಿ ನಿಂತ ತಣ್ಣೀರು ಬರುತ್ತದೆ, ನಮ್ಮಲ್ಲಿ ಸುಮಾರು ಅರ್ಧ ಬಕೆಟ್. ಅದನ್ನು ಚೆಲ್ಲುವುದಿಲ್ಲ, ಪಕ್ಕದ ಬಕೆಟ್ಟಿಗೆ ಹಿಡಿದು ಬಟ್ಟೆ ನೆನೆಸಲು ಇಡುತ್ತೇವೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಒಂದೇ ಸಲ ಹೀಗೆ ಹಿಡಿದರೆ ಸಾಕು. ಬೇಸಿಗೆಯಲ್ಲಿ ನೀರು ತುಂಬಾ ಸುಡುತ್ತದೆ. ಚಿಕ್ಕ ಮಕ್ಕಳಿರುವವರು ಬಕೆಟ್ಟಿಗೆ ಮೊದಲು ತಣ್ಣೀರು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಗಾಜಿನ ಮೇಲಿನ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಒರೆಸಿ.

ಮಳೆಗಾಲದಲ್ಲಿ ಏನು ಗತಿ? ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಜುಲೈ ಆಗಸ್ಟಿನಲ್ಲಿ ಮೋಡ ಕವಿದು ನಾಲ್ಕೈದು ದಿನ ಬಿಸಿಲು ಬರದಿದ್ದರೆ ನೀರು ಸಾಕಾಗುವುದಿಲ್ಲ. ಟ್ಯಾಂಕಿನ ಒಳಗೇ ಒಂದು ಕರೆಂಟ್ ಕಾಯಿಲ್ ಕೊಡುತ್ತಾರೆ. ನಾವು ಅದನ್ನು ಬಳಸುವುದಿಲ್ಲ, ಎರಡು ಬಕೆಟ್ ನೀರಿಗಾಗಿ 200 ಲೀಟರನ್ನೂ ಕಾಯಿಸಿದ ಹಾಗಾಗುತ್ತದೆ. ಹಳೇ 15 ಲೀಟರ್ ಗೀಸರನ್ನೇ ಇಟ್ಟುಕೊಂಡಿದ್ದೇವೆ, ಬೇಕಾದ ದಿನ ಹತ್ತು ನಿಮಿಷ ಹಾಕುತ್ತೇವೆ.

ಅಮ್ಮನಿಗೆ ಮೊದಲು ಈ ಸೋಲಾರ್ ಇಷ್ಟವಿರಲಿಲ್ಲ. ಊರಲ್ಲಿ ನಮ್ಮದು ತಾಮ್ರದ ಹಂಡೆ, ಬಚ್ಚಲೊಲೆ, ತೆಂಗಿನ ಗರಿ, ಚಿಪ್ಪು, ಸೌದೆ. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದರು. ಬೆಂಕಿ ಕಾಣದ ನೀರಲ್ಲಿ ಎಂಥ ಎಣ್ಣೆಸ್ನಾನ ಕಣೋ ಅಂತ ಕೇಳಿದ್ದರು. ಈಗ ಆ ಸಂಜೆ ಮೊಮ್ಮಗಳ ಕೈ ಹಿಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿ ಟ್ಯಾಂಕಿಗೆ ಅರಿಶಿನ ಕುಂಕುಮ ಇಟ್ಟು, ಸ್ಟ್ಯಾಂಡಿನ ಕಾಲಿಗೆ ಹೂ ಕಟ್ಟಿ ಬರುತ್ತಾರೆ. ಹಬ್ಬದ ದಿನ ಅಕ್ಕನ ಮನೆಯವರೂ ಸೇರಿ ಒಂಬತ್ತು ಜನ. ಹಿಂದಿನ ದಿನ ಬಿಸಿಲು ಚೆನ್ನಾಗಿದ್ದರೆ ಎಲ್ಲರ ಎಣ್ಣೆಸ್ನಾನಕ್ಕೂ ಸಾಕಾಗುತ್ತದೆ.

ಖರ್ಚು: 2022ರಲ್ಲಿ ಪೈಪ್, ಕೂಲಿ ಎಲ್ಲ ಸೇರಿ ನಮಗೆ 48 ಸಾವಿರ ಆಯಿತು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ದುಡ್ಡು ವಾಪಸ್ ಬರಲು ಒಂಬತ್ತು ವರ್ಷ ಬೇಕು. ಎರಡೇ ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಡಿಗೆ ಮನೆಯವರು ಇಷ್ಟು ಹಾಕಲು ಆಗುವುದಿಲ್ಲ, ನಿಜ. ಅಂಥವರು ಶವರ್ ಬಿಟ್ಟು ಬಕೆಟ್ ಸ್ನಾನ ಮಾಡಿ, ಗೀಸರ್ ಬಿಸಿಯನ್ನು 50 ಡಿಗ್ರಿಗೆ ಇಳಿಸಿಕೊಂಡರೂ ಬೇಕಾದಷ್ಟು ಉಳಿಯುತ್ತದೆ.

ಎದುರು ಮನೆ ಮೇಷ್ಟ್ರು ಹೋದ ತಿಂಗಳು ಕೇಳಿದರು, "ಕರೆಂಟೇ ಫ್ರೀ ಇರುವಾಗ ಸೋಲಾರ್ ಯಾಕ್ರೀ?" ಅಂತ. ನ್ಯಾಯವಾದ ಪ್ರಶ್ನೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮಂಥ ಮನೆಗೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10 ಮಾತ್ರ. ನಮ್ಮ ಸರಾಸರಿ 84, ಹಾಗಾಗಿ 92 ಯೂನಿಟ್ ಫ್ರೀ. ಗೀಸರ್ ಹಾಕಿ 175 ಮಾಡಿಕೊಂಡರೆ ಮೇಲಿನ 83ಕ್ಕೆ ನಾವೇ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್. ಇಷ್ಟು ಹೇಳಿದೆ. ಆಮೇಲೆ ನನಗೆ ಮುಖ್ಯ ಅನಿಸಿದ್ದನ್ನೂ ಹೇಳಿದೆ: "ಮೇಷ್ಟ್ರೇ, ನಮಗೆ ಬಿಲ್ ಬರದಿದ್ದರೂ ರಾಯಚೂರಲ್ಲಿ ಕಲ್ಲಿದ್ದಲು ಉರಿಯುವುದು ಉರಿಯುತ್ತಲೇ ಇರುತ್ತಲ್ಲ." ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಂದು ತಾರಸಿ ಹತ್ತಿ, ಪ್ಲೇಟ್ ಮುಟ್ಟಿ ನೋಡಿ, ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರು.

ಬರುವ ಗುರುವಾರ ಅವರ ಮನೆಗೆ ಹಾಕುತ್ತಿದ್ದಾರೆ, 100 ಲೀಟರಿನದು, ಬೋರ್ ನೀರು ಇರುವುದರಿಂದ ಟ್ಯೂಬ್. ರಜೆ ಹಾಕಿದ್ದೇನೆ. ಟೇಪ್ ತಗೊಂಡು ಹೋಗಿ ಏರ್ ವೆಂಟ್ ಎತ್ತರ ನಾನೇ ಅಳೆಯುತ್ತೇನೆ.