ಠಾಣಾಧಿಕಾರಿಗೆ ಯಾವ ನಾಯಕತ್ವ ತರಬೇತಿ? ನಾಲ್ಕನ್ನೂ ಮಾಡಿ ನೋಡಿದವನ ಲೆಕ್ಕ

ಅಗ್ನಿಶಾಮಕ ಇಲಾಖೆಯಲ್ಲಿ ಬಡ್ತಿ ಪಡೆದು ಠಾಣೆಯ ಹೊಣೆ ಹೊತ್ತವರನ್ನು ಬೇಗನೆ ಯಾವುದಾದರೂ ನಾಯಕತ್ವ ತರಬೇತಿಗೆ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಏಣಿ, ಪಂಪು, ಹೋಸ್ ಎಲ್ಲವೂ ಕೈಗೆ ಪಳಗಿರುತ್ತವೆ. ಸುತ್ತ ಹತ್ತು ಜನ ಕೂಗುತ್ತಿರುವಾಗ ಯಾರಿಗೆ ಏನು ಹೇಳಬೇಕು ಎಂಬುದಷ್ಟೇ ಪಳಗಿರುವುದಿಲ್ಲ. ನಾನು ನಾಲ್ಕು ಬಗೆಯ ತರಬೇತಿಗಳನ್ನು ಕಂಡಿದ್ದೇನೆ: ವಸತಿ ಶಿಬಿರ, ಮೊಬೈಲ್ ಪಾಠ, ಅಣಕು ಕಾರ್ಯಾಚರಣೆ ಮತ್ತು ಟೇಬಲ್‌ಟಾಪ್ ಅಭ್ಯಾಸ. ಐದನೆಯದೊಂದು ಇದೆ, ಅದಕ್ಕೆ ತರಬೇತಿ ಎಂಬ ಹೆಸರೇ ಇಲ್ಲ. ಮುಂದಿನ ಕರೆಗೆ ಹೋದಾಗ ನಾನು ಕೊಡುವ ಆದೇಶ ಬದಲಾಯಿತೇ ಎಂಬ ಒಂದೇ ಪ್ರಶ್ನೆಯಿಂದ ಇವನ್ನು ಅಳೆದಿದ್ದೇನೆ.

ವಸತಿ ಶಿಬಿರದಲ್ಲಿ ಊಟ ಚೆನ್ನಾಗಿತ್ತು. ಕಂಪನಿಗಳಿಗೆ ಪಾಠ ಹೇಳಿ ಅಭ್ಯಾಸವಿದ್ದ ಖಾಸಗಿ ತರಬೇತುದಾರರೊಬ್ಬರು ನಮ್ಮಿಂದ ಕಾಗದದ ಗೋಪುರ ಕಟ್ಟಿಸಿದರು, ನಮ್ಮ ಸ್ವಭಾವಗಳನ್ನು ಬಣ್ಣಗಳಾಗಿ ವಿಂಗಡಿಸಿದರು. ನಾನು ಯಾವ ಬಣ್ಣ ಎಂಬುದು ಈಗ ನೆನಪಿಲ್ಲ. ಆದರೆ ಚಹಾದ ಹೊತ್ತಿನಲ್ಲಿ ಪರಿಚಯವಾದ ಪಿಎಸ್‌ಐಗಳ ನಂಬರುಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ. ಶವಗಳನ್ನು ಹೊರತೆಗೆದು ಬಂದ ಸಿಬ್ಬಂದಿಯೊಂದಿಗೆ ಮರುದಿನ ಹೇಗೆ ಮಾತನಾಡಬೇಕು ಎಂದು ನಿವೃತ್ತ ಅಧಿಕಾರಿಯೊಬ್ಬರು ಹೇಳಿದ ಪಾಠವೂ ಉಳಿದಿದೆ. ಉಳಿದ ದಿನಗಳನ್ನು ಠಾಣೆಯಲ್ಲೇ ಕಳೆದಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ.

ಮೊಬೈಲ್ ಪಾಠಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರಿಭಾಷೆ ಕಲಿಯಲು ಅವು ಸಾಕು. ರಾತ್ರಿ ಪಾಳಿಯಲ್ಲಿ ಪ್ರಮಾಣಪತ್ರಕ್ಕಾಗಿ ಗುಂಡಿ ಒತ್ತುತ್ತಾ ಹೋಗುವವರೂ ಇದ್ದಾರೆ, ಅವರನ್ನು ದೂರಲಾರೆ.

ಅಣಕು ಕಾರ್ಯಾಚರಣೆಯ ತೊಡಕು ಬೇರೆ. ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಜನ ನೋಡುವುದು ಇದನ್ನೇ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿನ ವಾರವದು. ಹೋಸ್ ಬಿಚ್ಚುವ ವೇಗ, ಗಾಯಾಳುವನ್ನು ಇಳಿಸುವ ಕ್ರಮ ಇವೆಲ್ಲ ಇದರಿಂದ ಖಂಡಿತ ಸುಧಾರಿಸುತ್ತವೆ. ಆದರೆ ಬೆಂಕಿ ಎಷ್ಟು ಗಂಟೆಗೆ ಹೊತ್ತುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು, ಆಂಬುಲೆನ್ಸ್ ಎಂಜಿನ್ ಚಾಲೂ ಮಾಡಿಕೊಂಡೇ ನಿಂತಿರುತ್ತದೆ. ನಿರ್ಧಾರ ಮಾಡುವ ಪ್ರಸಂಗವೇ ಬಾರದಿದ್ದರೆ ನಾಯಕನಿಗೆ ಅಲ್ಲಿ ಏನು ಕೆಲಸ?

ಟೇಬಲ್‌ಟಾಪ್ ಅಭ್ಯಾಸಕ್ಕೆ ಬೇಕಾದದ್ದು ಒಂದು ಮೇಜು, ಅದರ ಸುತ್ತ ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು, ಊರಿನ ನಕ್ಷೆ ಮತ್ತು ಮುಂದೇನಾಯಿತು ಎಂದು ಒಂದೊಂದಾಗಿ ತಿಳಿಸುವ ಚೀಟಿಗಳು. ನಮಗೆ ಕೊಟ್ಟ ಪ್ರಸಂಗ ಹೆದ್ದಾರಿಯಲ್ಲಿ ಉರುಳಿದ ಅಡುಗೆ ಅನಿಲದ ಟ್ಯಾಂಕರ್. ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಇಂಥದೇ ಟ್ಯಾಂಕರ್ ಉರುಳಿ ಹೊತ್ತಿಕೊಂಡ 2013ರ ದುರಂತದ ನಂತರ ಕರಾವಳಿ ರಸ್ತೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಚೀಟಿ ಸೋರಿಕೆಯದು. ಈ ಅನಿಲ ಗಾಳಿಗಿಂತ ಭಾರ, ಇಳಿಜಾರು ಹಿಡಿದು ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ. ತಗ್ಗಿನಲ್ಲಿರುವ ಮನೆಗಳಿಗೆ ಒಲೆ ಹಚ್ಚಬೇಡಿ ಎಂದು ಹೇಳುವವರು ಯಾರು? ನಾನು ಪೊಲೀಸರು ಎಂದುಕೊಂಡಿದ್ದೆ, ಪೊಲೀಸರು ಕಂದಾಯದವರು ಎಂದುಕೊಂಡಿದ್ದರು, ತಹಶೀಲ್ದಾರರು ನನ್ನ ಮುಖ ನೋಡಿದರು. ಎರಡನೆಯ ಚೀಟಿಯಲ್ಲಿ ಟ್ಯಾಂಕರಿಗೆ ಬೆಂಕಿ ತಗುಲಿತ್ತು. ಆಗ ಸುತ್ತ 1600 ಮೀಟರ್ ತೆರವು ಮಾಡಬೇಕು. ನಕ್ಷೆಯ ಮೇಲೆ ವೃತ್ತ ಎಳೆದಾಗ ಒಳಗೆ ಒಂದು ಶಾಲೆ ಸಿಕ್ಕಿತು, ನಾವು ವಾಹನಗಳನ್ನು ನಿಲ್ಲಿಸಲು ಗುರುತಿಸಿದ್ದ ಜಾಗವೂ ಒಳಗೇ ಇತ್ತು.

ಇದಕ್ಕೆ ಚೌಕಟ್ಟು ಒದಗಿಸುವುದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿ. 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚಿನಲ್ಲಿ ಬೇರೆ ಬೇರೆ ಇಲಾಖೆಗಳ ನಡುವೆ ಹೊಂದಾಣಿಕೆಯಿಲ್ಲದೆ ಆದ ಗೊಂದಲದಿಂದ ಅಲ್ಲಿ ರೂಪುಗೊಂಡ ಪದ್ಧತಿಯೇ ಇದರ ಮೂಲ. ಒಬ್ಬ ಕಮಾಂಡರ್, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಪೂರೈಕೆ ಎಂಬ ಮೂರು ವಿಭಾಗಗಳು. ಒಬ್ಬರ ಕೈಕೆಳಗೆ ನೇರವಾಗಿ ಐದು ಜನ ಇದ್ದರೆ ಒಳ್ಳೆಯದು, ಏಳು ಮೀರಬಾರದು. ಹಿರಿಯರು ಬಂದ ಮಾತ್ರಕ್ಕೆ ಅಧಿಕಾರ ಅವರಿಗೆ ತಾನಾಗಿ ಹೋಗುವುದಿಲ್ಲ, ಪರಿಸ್ಥಿತಿ ವಿವರಿಸಿ ಹಸ್ತಾಂತರಿಸಬೇಕು. ಪುಸ್ತಕದಲ್ಲಿ ಓದಿದಾಗ ಇದು ಕಚೇರಿ ಕಾಗದದಂತೆ ಕಂಡಿತ್ತು. ಮೇಜಿನ ಆ ಬದಿಯಿಂದ ‘ಈಗ ಇಲ್ಲಿ ಯಾರು ಹೇಳಿದ್ದು ನಡೆಯುತ್ತದೆ?’ ಎಂದು ಮೆಸ್ಕಾಂ ಎಂಜಿನಿಯರ್ ಕೇಳಿದಾಗ ಅದರ ಬೆಲೆ ತಿಳಿಯಿತು. ಆಮೇಲೆ ಯಾವ ಕರೆಗೆ ಹೋದರೂ ನನ್ನ ಮೊದಲ ಮಾತು ಅದೇ: ಇಲ್ಲಿ ಹೊಣೆ ನನ್ನದು, ವಾಹನಗಳು ಇಂಥಲ್ಲಿ ನಿಲ್ಲಲಿ.

ಹೆಸರಿಲ್ಲದ ಐದನೆಯದು, ಕರೆ ಮುಗಿಸಿ ಬಂದು ಹೋಸ್ ಒಣಹಾಕುವ ಮುನ್ನ ಕುಳಿತು ಮಾತನಾಡುವುದು. ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದೆ ಏನು ಎಂಬ ನಾಲ್ಕು ಪ್ರಶ್ನೆಗಳ ಈ ಪದ್ಧತಿ ಅಮೆರಿಕದ ಸೈನ್ಯದಿಂದ ಬಂದದ್ದು. ನಮ್ಮಲ್ಲಿ ಇದು ಹಾಗೇ ನಡೆಯುವುದಿಲ್ಲ, ಸಾಹೇಬರು ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ‘ಹೌದು ಸರ್’. ಅದಕ್ಕೇ ತಂಡದ ಅತಿ ಕಿರಿಯನಿಂದ ಆರಂಭಿಸಿ ಕೊನೆಗೆ ನಾನು ಮಾತನಾಡುವ ಕ್ರಮ ಇಟ್ಟೆವು. ‘ಬಲಗಡೆ ಹೋಗು ಅಂದಿರಿ, ಯಾರ ಬಲಗಡೆ ಎಂದು ತಿಳಿಯಲಿಲ್ಲ’ ಎಂದು ಹುಡುಗನೊಬ್ಬ ಹೇಳಿದ್ದು ಹೀಗೆಯೇ. ಈಗ ಕಟ್ಟಡದ ಮುಂಭಾಗ ಎ, ಅಲ್ಲಿಂದ ಪ್ರದಕ್ಷಿಣವಾಗಿ ಬಿ, ಸಿ, ಡಿ ಎಂದೇ ಹೇಳುತ್ತೇವೆ.

ತಂಡದೊಳಗಿನ ಮಾತು ಸುಧಾರಿಸಲು ಇದಕ್ಕಿಂತ ಅಗ್ಗದ್ದು ಇಲ್ಲ, ಇತರ ಇಲಾಖೆಗಳೊಂದಿಗಿನ ಗೊಂದಲವನ್ನು ಮಾತ್ರ ಇದು ಬಿಡಿಸದು. ಹಾಗಾಗಿ ಹೊಸ ಠಾಣಾಧಿಕಾರಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಟೇಬಲ್‌ಟಾಪ್ ಅಭ್ಯಾಸಕ್ಕೇ ನನ್ನ ಮತ. ಪ್ರಮುಖ ಅಗ್ನಿಶಾಮಕ (ಲೀಡಿಂಗ್ ಫೈರ್‌ಮನ್) ಹುದ್ದೆಯವರಿಗಾದರೆ ಕರೆಯ ನಂತರದ ಮಾತುಕತೆ ಸಾಕು. ಶಿಬಿರಕ್ಕೆ ಕರೆದರೆ ಹೋಗಿ ಬನ್ನಿ, ನಂಬರುಗಳಾದರೂ ಸಿಗುತ್ತವೆ. ಮೇಜಿನ ಸುತ್ತ ತಹಶೀಲ್ದಾರರು, ಇನ್‌ಸ್ಪೆಕ್ಟರ್, ವಿದ್ಯುತ್ ಕಂಪನಿಯ ಎಂಜಿನಿಯರ್ ಖುದ್ದಾಗಿ ಕೂರಬೇಕು. ಪ್ರತಿನಿಧಿಗಳನ್ನು ಕಳಿಸುತ್ತೇವೆ ಎಂದರೆ ಅಭ್ಯಾಸವನ್ನು ಬೇರೆ ದಿನಕ್ಕೆ ಮುಂದೂಡಿ.