ಕೂಲಿಂಗ್ ಗ್ಲಾಸ್, ಸೇಫ್ಟಿ ಗ್ಲಾಸ್, ಗಾಗಲ್: ಮೂರನ್ನೂ ಒರೆಗೆ ಹಚ್ಚಿದಾಗ

ಕಪ್ಪಗಿದ್ದಷ್ಟೂ ಕಣ್ಣಿಗೆ ಕ್ಷೇಮ ಅನ್ನುವ ನಂಬಿಕೆಯಿಂದಲೇ ಹೆಚ್ಚಿನವರು ತಪ್ಪು ಕನ್ನಡಕ ಕೊಳ್ಳುವುದು. ಲೆನ್ಸಿನ ಬಣ್ಣ ತಗ್ಗಿಸುವುದು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ. ನೇರಳಾತೀತ ಕಿರಣವನ್ನು ತಡೆಯುವುದು ಲೆನ್ಸಿನ ವಸ್ತು, ಇಲ್ಲವೇ ಅದಕ್ಕೆ ಬೆರೆಸಿದ ಅಥವಾ ಲೇಪಿಸಿದ ರಾಸಾಯನಿಕ. ನೀರಿನಷ್ಟು ತಿಳಿಯಾದ ಲೆನ್ಸೂ ಆ ಕಿರಣವನ್ನು ಪೂರ್ತಿ ತಡೆಯಬಲ್ಲದು. ಕಾಡಿಗೆಯಂಥ ಲೆನ್ಸ್ ಬಿಟ್ಟುಬಿಡಲೂಬಹುದು. ಎರಡನೆಯದು ಹೆಚ್ಚು ಅಪಾಯ. ಕತ್ತಲಾಯಿತೆಂದು ಪಾಪೆ ಹಿಗ್ಗುತ್ತದೆ, ಕಣ್ಣು ಕಿರಿದು ಮಾಡಿಕೊಳ್ಳುವ ಸಹಜ ರಕ್ಷಣೆಯೂ ನಿಲ್ಲುತ್ತದೆ, ಕಿರಣಕ್ಕೆ ಬಾಗಿಲು ಇನ್ನಷ್ಟು ತೆರೆದಂತಾಗುತ್ತದೆ.

ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ‘ಯುವಿ 400’ ಎಂಬ ಗುರುತು. 400 ನ್ಯಾನೋಮೀಟರ್‌ವರೆಗಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಎಂದು ಅರ್ಥ. ಲೆನ್ಸಿಗೆ ಅಂಟಿಸಿದ ಚೀಟಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅನುಮಾನವಿದ್ದರೆ ಕನ್ನಡಕದ ಅಂಗಡಿಯಲ್ಲಿರುವ ಯುವಿ ಮೀಟರ್‌ನಲ್ಲಿ ಇಟ್ಟು ನೋಡಲು ಹೇಳಿ. ಅರೆ ನಿಮಿಷದ ಕೆಲಸ.

ಎಷ್ಟು ಕಪ್ಪಿರಬೇಕು ಎನ್ನುವುದಕ್ಕೆ 0ಯಿಂದ 4ರವರೆಗೆ ದರ್ಜೆಗಳಿವೆ. 2ನೇ ದರ್ಜೆ ಶೇ 18ರಿಂದ 43ರಷ್ಟು ಬೆಳಕನ್ನು ಒಳಬಿಡುತ್ತದೆ, 3ನೆಯದು ಶೇ 8ರಿಂದ 18, 4ನೆಯದು ಶೇ 3ರಿಂದ 8 ಮಾತ್ರ. ಕಡು ಬಿಸಿಲಿನಲ್ಲಿ ಓಡಾಡುವವರಿಗೆ, ವಾಹನ ಓಡಿಸುವವರಿಗೆ 3ನೇ ದರ್ಜೆ ಸಾಕು. 4ನೆಯದು ಹಿಮಪರ್ವತಕ್ಕೆ, ಅದನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ಬಣ್ಣದಲ್ಲಿ ಬೂದು ನಮ್ಮ ಮೊದಲ ಆಯ್ಕೆ, ಸಿಗ್ನಲ್ ದೀಪಗಳ ಬಣ್ಣ ಅದರಲ್ಲಿ ಕೆಡುವುದಿಲ್ಲ. ಕಂದು ಲೆನ್ಸಿನಲ್ಲಿ ರಸ್ತೆಯ ಉಬ್ಬುತಗ್ಗು ಇನ್ನಷ್ಟು ಎದ್ದು ಕಾಣುತ್ತದೆ. ರಾತ್ರಿ ಓಡಿಸಲು ಒಳ್ಳೆಯದೆಂದು ಮಾರುವ ಹಳದಿ ಲೆನ್ಸನ್ನು ಮಾತ್ರ ನಂಬಬೇಡಿ. ಮೊದಲೇ ಕಡಿಮೆಯಿರುವ ಬೆಳಕನ್ನು ಅದು ಇನ್ನೂ ಕಡಿಮೆ ಮಾಡುತ್ತದೆ.

ಪೋಲರೈಸ್ಡ್ ಲೆನ್ಸಿನ ಕೆಲಸ ನೀರು, ಒದ್ದೆ ರಸ್ತೆ, ಕಾರಿನ ಬಾನೆಟ್ ಮೇಲಿಂದ ಚಿಮ್ಮುವ ಪ್ರಖರ ಹೊಳಪನ್ನು ಕತ್ತರಿಸುವುದು. ನೇರಳಾತೀತ ತಡೆಗೂ ಅದಕ್ಕೂ ಸಂಬಂಧವಿಲ್ಲ. ಅಸಲಿಯೇ ಎಂದು ತಿಳಿಯಲು ಅಂಥದೇ ಎರಡು ಕನ್ನಡಕಗಳ ಲೆನ್ಸುಗಳನ್ನು ಒಂದರ ಹಿಂದೊಂದು ಹಿಡಿದು ಒಂದನ್ನು ಕಾಲು ಸುತ್ತು ತಿರುಗಿಸಿ. ಬೆಳಕು ಹೆಚ್ಚುಕಮ್ಮಿ ಪೂರ್ತಿ ನಿಲ್ಲಬೇಕು. ಕೆಲವು ಮೊಬೈಲ್ ಮತ್ತು ಮೀಟರ್ ಪರದೆಗಳು ಈ ಲೆನ್ಸಿನಲ್ಲಿ ಕಪ್ಪಾಗಿ ಕಾಣುತ್ತವೆ. ಪರದೆ ನೋಡಿಯೇ ಕೆಲಸ ಮಾಡುವವರು ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸಲಿ.

ಇಷ್ಟೆಲ್ಲ ಸರಿಯಿದ್ದರೂ ಕನ್ನಡಕ ಸೋಲುವುದು ಅಂಚಿನಲ್ಲಿ. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಮೇಲೆ ಹುಬ್ಬಿನ ಬಳಿ, ಕೆಳಗೆ ಕೆನ್ನೆಯ ಬಳಿ, ಪಕ್ಕದಲ್ಲಿ ಕಣತಲೆಯ ಬಳಿ ಸಂದು ಬಿಟ್ಟರೆ ಕಿರಣವೂ ಧೂಳೂ ಅಲ್ಲಿಂದಲೇ ನುಗ್ಗುತ್ತವೆ. ನೆಲದಿಂದ ಮೇಲೆ ಚಿಮ್ಮುವ ಕಿರಣವನ್ನು ಮರೆಯಬಾರದು: ಹೊಸ ಹಿಮ ನೇರಳಾತೀತ ಕಿರಣದ ಶೇ 80ರಷ್ಟನ್ನೂ, ಒಣ ಮರಳು ಸುಮಾರು ಶೇ 15ರಷ್ಟನ್ನೂ ಹಿಂದಿರುಗಿಸುತ್ತವೆ. ಪರೀಕ್ಷೆ ಹೀಗೆ ಮಾಡಿ. ಕನ್ನಡಕ ಹಾಕಿಕೊಂಡು ಮಬ್ಬು ಕೋಣೆಯಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ಮೊಬೈಲ್ ಟಾರ್ಚನ್ನು ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಹಿಡಿದುಕೊಳ್ಳಿ. ಜೊತೆಯಲ್ಲಿರುವವರು ರೆಪ್ಪೆಯ ಮೇಲೆ ಬೆಳಕಿನ ಪಟ್ಟೆ ಬೀಳುತ್ತಿದೆಯೇ ಎಂದು ನೋಡಲಿ. ಚಪ್ಪಟೆ ಮುಂಭಾಗದ ಕನ್ನಡಕಗಳಲ್ಲಿ ಕಿವಿಯ ಕಡೆಯಿಂದ ಬೆರಳಗಲದ ಪಟ್ಟೆ ಬೀಳುವುದು ಸಾಮಾನ್ಯ; ಮುಖಕ್ಕೆ ಸುತ್ತಿಕೊಳ್ಳುವ ಬಾಗಿದ ಫ್ರೇಮಿನಲ್ಲಿ ಕೂದಲೆಳೆಯಷ್ಟಿರುತ್ತದೆ. ನಮ್ಮ ತೀರ್ಪಿನಲ್ಲಿ ಬಾಗಿದ ಫ್ರೇಮ್ ಗೆಲ್ಲುವುದು ಇದೊಂದೇ ಕಾರಣಕ್ಕೆ. ನಕ್ಕಾಗ ಕೆನ್ನೆ ಫ್ರೇಮನ್ನು ಮೇಲೆತ್ತಬಾರದು, ತಲೆ ಬಗ್ಗಿಸಿ ಆಡಿಸಿದರೆ ಜಾರಬಾರದು, ರೆಪ್ಪೆಗೂದಲು ಲೆನ್ಸಿಗೆ ತಾಗಬಾರದು.

ಗ್ರೈಂಡರ್, ಡ್ರಿಲ್, ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಕೂಲಿಂಗ್ ಗ್ಲಾಸೂ ಓದುವ ಕನ್ನಡಕವೂ ರಕ್ಷಣೆಯಲ್ಲ. ಪೆಟ್ಟು ಬಿದ್ದಾಗ ಲೆನ್ಸ್ ಒಡೆಯಬಹುದು, ಒಡೆಯದಿದ್ದರೆ ಫ್ರೇಮಿನಿಂದ ಕಳಚಿ ಕಣ್ಣಿನತ್ತಲೇ ಬರಬಹುದು. ಇಲ್ಲಿ ಬೇಕಾದದ್ದು ಪಾಲಿಕಾರ್ಬೊನೇಟ್ ಎಂಬ ಪೆಟ್ಟು ತಾಳುವ ಪ್ಲಾಸ್ಟಿಕ್ಕಿನ ಲೆನ್ಸ್, ಅದರ ಮೇಲೆ ‘ಝಡ್87+’ (Z87+) ಗುರುತು. ಆ ಅಮೆರಿಕನ್ ಮಾನದಂಡದ ಪ್ರಕಾರ 6.35 ಮಿ.ಮೀ. ಉಕ್ಕಿನ ಗುಂಡು ಸೆಕೆಂಡಿಗೆ 45.7 ಮೀಟರ್ ವೇಗದಲ್ಲಿ ಬಡಿದರೂ ಸೇಫ್ಟಿ ಗ್ಲಾಸ್ ತಾಳಿಕೊಳ್ಳಬೇಕು. ಕೊನೆಯ ಕೂಡಿಸುವ ಚಿಹ್ನೆ ಇಲ್ಲದಿದ್ದರೆ ಅದು ಈ ವೇಗದ ಪೆಟ್ಟಿಗೆ ಪಾಸಾದದ್ದಲ್ಲ. ಗುರುತು ಫ್ರೇಮಿನ ಮೇಲೂ ಇರಬೇಕು. ಐರೋಪ್ಯ ‘ಇಎನ್ 166’ ಗುರುತಿನ ಮಾಲಿನಲ್ಲಿ ‘ಎಫ್’ ಎಂದರೆ ಸೆಕೆಂಡಿಗೆ 45 ಮೀಟರ್, ‘ಬಿ’ ಎಂದರೆ 120 ಮೀಟರ್. ಮುಖಕ್ಕೆ ಅಂಟಿ ಕೂತು ಪಟ್ಟಿಯಿಂದ ಬಿಗಿಯುವ ಗಾಗಲ್‌ಗಳಲ್ಲಿ ‘ಬಿ’ ಸಿಗುತ್ತದೆ.

ಗಾಗಲ್ ಆರಿಸುವಾಗ ಗಾಳಿಕಿಂಡಿ ನೋಡಿ. ನೇರ ತೂತುಗಳಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಆಸಿಡ್ ಹನಿಯೂ ಸಿಮೆಂಟ್ ಪುಡಿಯೂ ಅದೇ ದಾರಿಯಲ್ಲಿ ಬರುತ್ತವೆ. ದ್ರವದ ಕೆಲಸಕ್ಕೆ ಮುಚ್ಚಳದ ಅಡಿಯಲ್ಲಿ ತಿರುವು ಕೊಟ್ಟ ಕಿಂಡಿಯಿರಲಿ. ಅನಿಲ, ಹೊಗೆ, ನವಿರು ಧೂಳಿಗೆ ಕಿಂಡಿಯೇ ಇಲ್ಲದ್ದು ಬೇಕು. ‘ಇಎನ್ 166’ ಫ್ರೇಮಿನ ಮೇಲಿನ ಅಂಕಿಗಳು ಇದನ್ನೇ ಹೇಳುತ್ತವೆ: 3 ದ್ರವದ ಹನಿಗೆ, 4 ದಪ್ಪ ಧೂಳಿಗೆ, 5 ಅನಿಲ ಮತ್ತು ನವಿರು ಧೂಳಿಗೆ. ವೆಲ್ಡಿಂಗ್‌ಗೆ ಇವ್ಯಾವುವೂ ಸಲ್ಲವು, ಅದಕ್ಕೆ ಅದರದೇ ಕಪ್ಪು ಗಾಜು ಬೇಕು.

ಗಾಗಲ್ ಮೇಲಿನ ದೂರೆಲ್ಲ ಆವಿಯದೇ. ಆವಿ ಹಿಡಿದಾಗ ಹಣೆಗೇರಿಸಿಕೊಳ್ಳುತ್ತಾರೆ, ಚೂರು ಹಾರುವುದು ಆಗಲೇ. ಆವಿ ತಡೆಯುವ ಲೇಪನ ಬಹಳಷ್ಟು ಲೆನ್ಸುಗಳಲ್ಲಿ ಒಳಮೈಗಿರುತ್ತದೆ. ಅದು ನೀರನ್ನು ಹೀರಿ, ಹನಿಗಟ್ಟದಂತೆ ತೆಳುವಾಗಿ ಹರಡುತ್ತದೆ. ಒದ್ದೆಯಿದ್ದಾಗ ಆ ಪದರ ಮೆತ್ತಗಿರುತ್ತದೆ. ಆಗ ಬಟ್ಟೆಯಿಂದ ತಿಕ್ಕಿದರೆ ಪದರವೇ ಕಿತ್ತುಬರುತ್ತದೆ, ಕೊನೆಗೆ ಲೆನ್ಸಿನ ನಡುವೆ ಮಾತ್ರ ಆವಿ ಹಿಡಿಯುವ ಕಲೆ ಉಳಿಯುತ್ತದೆ. ಒಳಭಾಗವನ್ನು ನೀರಿನಲ್ಲಿ ಜಾಲಿಸಿ, ಕೊಡವಿ, ತಾನಾಗಿ ಒಣಗಲು ಬಿಡಿ.

ಹೊರಮೈಗೂ ನೀರೇ ಮೊದಲು. ಅಂಗಿಯ ಚುಂಗಿನಿಂದ ಒಣಗಿದ್ದಾಗಲೇ ಒರೆಸುವುದು ಎಂದರೆ ಮರಳುಕಾಗದದಿಂದ ಉಜ್ಜಿದ ಹಾಗೆ. ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಆದರೆ ಗಾಜಿಗಿಂತ ಮೆದು, ಗೀರು ಬೇಗ ಬೀಳುತ್ತದೆ. ನಲ್ಲಿಯ ತಣ್ಣೀರಿನಲ್ಲಿ ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ಧೂಳು ಇಳಿಸಿ. ಪಾತ್ರೆ ತೊಳೆಯುವ ದ್ರವದ ಒಂದೇ ಹನಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಲೆನ್ಸಿನ ಹೊರಮೈ, ಮೂಗಿನ ಪ್ಯಾಡ್, ಲೆನ್ಸ್ ಕೂರುವ ಫ್ರೇಮಿನ ಸಂದು ಉಜ್ಜಿ. ಬೆವರು, ಸನ್‌ಸ್ಕ್ರೀನ್ ಜಿಡ್ಡು ಕೂರುವುದು ಆ ಸಂದಿನಲ್ಲೇ. ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ. ಆ ಬಟ್ಟೆಯನ್ನೂ ಆಗಾಗ ಒಗೆಯಬೇಕು, ಬಟ್ಟೆ ಮೃದುಗೊಳಿಸುವ ದ್ರವ ಹಾಕದೆ. ಹಾಕಿದರೆ ಲೆನ್ಸ್ ಮೇಲೆ ಎಣ್ಣೆಯಂಥ ಮಸುಕು ಹರಡುತ್ತದೆ. ಟಿಶ್ಯೂ ಕಾಗದ ಬೇಡ.

ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಇವು ಪಾಲಿಕಾರ್ಬೊನೇಟಿಗೆ ವಿಷ. ಪರಿಣಾಮ ತಕ್ಷಣ ಕಾಣದಿರಬಹುದು. ಸ್ಕ್ರೂ ಕೂತಿರುವ ತೂತಿನ ಸುತ್ತ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಜೇಡರ ಬಲೆಯ ಎಳೆಗಳಂಥ ಸಣ್ಣ ಬಿರುಕು ಹೊಳೆದರೆ ಲೆನ್ಸಿನ ಬಲ ಹೋಗಿದೆ, ಮುಂದಿನ ಪೆಟ್ಟಿಗೆ ಅದು ತಡೆಯದು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡೂ ಕೆಟ್ಟ ಜಾಗ. ಫ್ರೇಮ್ ಸೊಟ್ಟಗಾಗುತ್ತದೆ, ಲೇಪನ ನೆರಿಗೆಗಟ್ಟುತ್ತದೆ. ಗಟ್ಟಿ ಡಬ್ಬಿಯಲ್ಲಿಡಿ, ಇಲ್ಲವೇ ಲೆನ್ಸ್ ಮೇಲ್ಮುಖವಾಗಿರಲಿ. ತೆಗೆಯುವಾಗ ಎರಡು ಕೈ ಬಳಸಿ, ಒಂದೇ ಕೈಯಲ್ಲಿ ಎಳೆದರೆ ಒಂದು ಕಡ್ಡಿ ಅಗಲಿಸಿ ಫ್ರೇಮ್ ಸಡಿಲಾಗುತ್ತದೆ.

ಒಮ್ಮೆ ಜೋರು ಪೆಟ್ಟು ತಿಂದ ಸೇಫ್ಟಿ ಗ್ಲಾಸ್ ಚೆನ್ನಾಗಿಯೇ ಕಂಡರೂ ಬದಲಿಸಿ. ನೋಟದ ನೇರಕ್ಕೆ ಆಳವಾದ ಗೀರು ಬಿದ್ದಿದ್ದರೂ ಅಷ್ಟೆ. ಗಾಗಲ್‌ನಲ್ಲಿ ಲೆನ್ಸಿಗಿಂತ ಮೊದಲು ಸೋಲುವುದು ಎಲಾಸ್ಟಿಕ್ ಪಟ್ಟಿ. ಎಳೆದು ಬಿಟ್ಟಾಗ ಹಿಂದಿನ ಅಳತೆಗೆ ಮರಳದಿದ್ದರೆ ಸೀಲ್ ಮುಖಕ್ಕೆ ಕೂರುವುದಿಲ್ಲ. ಬಿಡಿ ಪಟ್ಟಿ, ಬಿಡಿ ಲೆನ್ಸ್ ಸಿಗುವ ಮಾದರಿಯನ್ನೇ ಕೊಳ್ಳಿ, ಕೊಳ್ಳುವಾಗಲೇ ಒಂದು ಪಟ್ಟಿ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.